ಮನೆಯಿಂದ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್: ಬೇಕಾಗುವ ಕೌಶಲ, ಅನುಭವ ಮತ್ತು ಲೆಕ್ಕಾಚಾರ

ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ಭಾಗದ ವರ್ತಕ ಕುಟುಂಬಗಳಲ್ಲಿ ಇಂದು ಪದವೀಧರರ ಕೊರತೆಯಿಲ್ಲ. ಬಿ.ಎಸ್ಸಿ., ಬಿ.ಫಾರ್ಮ, ನರ್ಸಿಂಗ್ ಓದಿದ ಹೆಣ್ಣುಮಕ್ಕಳು, ಸೊಸೆಯಂದಿರು ಬಹುತೇಕ ಮನೆಗಳಲ್ಲಿದ್ದಾರೆ. ಊರು ಬಿಟ್ಟು ಬೆಂಗಳೂರಿಗೋ ಪುಣೆಗೋ ಹೋಗಲು ಸಂಸಾರದ ಕಟ್ಟುಪಾಡು ಬಿಡುವುದಿಲ್ಲ. ಓದಿದ ವಿದ್ಯೆ ವ್ಯರ್ಥವಾಗಲೆಂದು ಯಾರಿಗೂ ಮನಸ್ಸಿಲ್ಲ. ಇಂತಹ ಮನೆಗಳಿಗೆ ‘ಮನೆಯಲ್ಲಿಯೇ ಕುಳಿತು ಅಮೆರಿಕದ ಆಸ್ಪತ್ರೆಗಳ ಕೆಲಸ ಮಾಡಿ’ ಎಂಬ ಜಾಹೀರಾತು ಸಹಜವಾಗಿಯೇ ಆಕರ್ಷಕವಾಗಿ ಕಾಣುತ್ತದೆ. ಕಂಪ್ಯೂಟರ್ ಕೊಳ್ಳಲು, ತರಬೇತಿ ಶುಲ್ಕ ಕಟ್ಟಲು, ಕೆಲವೊಮ್ಮೆ ಠೇವಣಿ ಇಡಲು ಹಣ ಹೊರಡುವುದು ಮಾತ್ರ ಅಂಗಡಿಯ ಗಲ್ಲಾಪೆಟ್ಟಿಗೆಯಿಂದಲೇ. ಆದ್ದರಿಂದ ಈ ವೃತ್ತಿಯ ಒಳಹೊರಗನ್ನು ವರ್ತಕರು ಮತ್ತು ಸಣ್ಣ ಉದ್ದಿಮೆದಾರರು ಅರಿತಿರುವುದು ಅವಶ್ಯ.

ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ನಿಜವಾದ ವೃತ್ತಿ, ಮೋಸದ ಹೆಸರಲ್ಲ. ಆದರೆ ಅದು ಮನೆಯಿಂದ ಆರಂಭವಾಗುವ ವೃತ್ತಿಯಲ್ಲ. ಹಿರಿಯರ ಮೇಲ್ವಿಚಾರಣೆಯಲ್ಲಿ ಬೇರೆಡೆ ಪಳಗಿದ ನಂತರ ಮನೆಗೆ ತರಬಹುದಾದ ವೃತ್ತಿ. ಈ ಕ್ರಮವನ್ನು ತಲೆಕೆಳಗು ಮಾಡಿದ ಕುಟುಂಬಗಳು ಹಣವನ್ನೂ ಉತ್ಸಾಹವನ್ನೂ ಕಳೆದುಕೊಳ್ಳುತ್ತವೆ. ಕಾರಣವೇನೆಂಬುದನ್ನು ಮುಂದೆ ವಿವರಿಸಲಾಗಿದೆ.

ಕೆಲಸದ ಸ್ವರೂಪ

ಅಮೆರಿಕದ ಆಸ್ಪತ್ರೆಗಳಲ್ಲಿ ವೈದ್ಯರು ರೋಗಿಯನ್ನು ಪರೀಕ್ಷಿಸಿದ ನಂತರ ತಮ್ಮ ಅಭಿಪ್ರಾಯವನ್ನು ಕೈಯಿಂದ ಬರೆಯುವ ಬದಲು ದೂರವಾಣಿಯಲ್ಲಿ ಅಥವಾ ಧ್ವನಿಮುದ್ರಣ ಸಾಧನದಲ್ಲಿ ಹೇಳಿಡುವ ರೂಢಿ ಬಹುಕಾಲದಿಂದ ಇದೆ. ಲಿಖಿತ ದಾಖಲೆಯಿಲ್ಲದೆ ಅಲ್ಲಿನ ವಿಮಾ ಕಂಪನಿಗಳು ಚಿಕಿತ್ಸೆಯ ಹಣ ಪಾವತಿಸುವುದಿಲ್ಲ. ಮುಂದಿನ ವೈದ್ಯರಿಗೂ ಅದೇ ದಾಖಲೆ ಆಧಾರ. ಹೀಗೆ ಮುದ್ರಿತವಾದ ಮಾತನ್ನು ಕೇಳಿ, ನಿಗದಿತ ನಮೂನೆಯಲ್ಲಿ ದೋಷರಹಿತವಾಗಿ ಬರಹಕ್ಕಿಳಿಸುವುದೇ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್. ರೋಗಿಯ ಪೂರ್ವವೃತ್ತಾಂತ ಮತ್ತು ತಪಾಸಣೆ, ತಜ್ಞರ ಸಲಹಾ ವರದಿ, ಶಸ್ತ್ರಚಿಕಿತ್ಸೆಯ ವರದಿ, ಬಿಡುಗಡೆಯ ಸಾರಾಂಶ ಇವು ನಾಲ್ಕು ಮುಖ್ಯ ಬಗೆಯ ವರದಿಗಳು. ಇವುಗಳ ಜೊತೆಗೆ ಎಕ್ಸ್‌ರೇ, ಸ್ಕ್ಯಾನಿಂಗ್ ಹಾಗೂ ರೋಗನಿದಾನ ಪ್ರಯೋಗಾಲಯಗಳ ವರದಿಗಳೂ ಇರುತ್ತವೆ.

ಈ ಕೆಲಸ ಭಾರತಕ್ಕೆ ಬರಲು ಕಡಿಮೆ ಮಜೂರಿಯಷ್ಟೇ ಕಾರಣವಲ್ಲ, ಗಡಿಯಾರವೂ ಕಾರಣ. ಬೇಸಿಗೆಯ ತಿಂಗಳುಗಳಲ್ಲಿ ನ್ಯೂಯಾರ್ಕಿನಲ್ಲಿ ಸಂಜೆ 6 ಗಂಟೆಯಾದಾಗ ನೇಸರಗಿಯಲ್ಲಿ ಮರುದಿನ ನಸುಕಿನ 3.30. ಅಲ್ಲಿನ ವೈದ್ಯರು ದಿನದ ಕೆಲಸ ಮುಗಿಸಿ ಹೇಳಿಟ್ಟದ್ದನ್ನು ಇಲ್ಲಿ ಹಗಲಿನಲ್ಲಿ ಬರೆದು ಮುಗಿಸಿದರೆ ಅಲ್ಲಿ ಬೆಳಗಾಗುವ ಹೊತ್ತಿಗೆ ವರದಿ ಸಿದ್ಧವಾಗಿರುತ್ತದೆ. 1990ರ ದಶಕದ ಮಧ್ಯಭಾಗದಲ್ಲಿ ಬೆಂಗಳೂರಿನಲ್ಲಿ ಕಾರ್ಯಾರಂಭ ಮಾಡಿದ ಹೆಲ್ತ್‌ಸ್ಕ್ರೈಬ್ ಇಂಡಿಯಾ ಈ ಕ್ಷೇತ್ರದ ಮೊದಲಿಗರಲ್ಲಿ ಒಂದು. ಕೇಂದ್ರೀಯ ನೇರ ತೆರಿಗೆ ಮಂಡಳಿಯು 2000ದ ಸೆಪ್ಟೆಂಬರ್ 26ರ ಅಧಿಸೂಚನೆಯಲ್ಲಿ ಮಾಹಿತಿ ತಂತ್ರಜ್ಞಾನ ಆಧಾರಿತ ಸೇವೆಗಳ ಪಟ್ಟಿ ಪ್ರಕಟಿಸಿದಾಗ ಕಾಲ್ ಸೆಂಟರ್, ವೇತನಪಟ್ಟಿ ತಯಾರಿಕೆ ಮುಂತಾದವುಗಳೊಡನೆ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್‌ನ ಹೆಸರೂ ಅದರಲ್ಲಿತ್ತು. ಅಂದಿನ ರಫ್ತು ಆದಾಯ ವಿನಾಯಿತಿಗಳು ಈ ಉದ್ಯಮಕ್ಕೆ ದೊಡ್ಡ ಒತ್ತಾಸೆಯಾದವು.

ಮೊದಲ ಅರ್ಹತೆ: ಕಿವಿ

ಬೆರಳಚ್ಚು ಪರೀಕ್ಷೆಯಲ್ಲಿ ಉತ್ತೀರ್ಣರಾದವರು ಈ ಕೆಲಸ ಸುಲಭವೆಂದು ಭಾವಿಸುವುದುಂಟು. ಬೆರಳಿನ ವೇಗ ಬೇಕು, ನಿಜ. ಆದರೆ ಇದರಲ್ಲಿ ಮೊದಲು ಪಳಗಬೇಕಾದುದು ಕಿವಿ. ಅಮೆರಿಕದ ವೈದ್ಯರೆಲ್ಲರೂ ಒಂದೇ ಬಗೆಯ ಇಂಗ್ಲಿಷ್ ಆಡುವುದಿಲ್ಲ. ದಕ್ಷಿಣದ ರಾಜ್ಯಗಳವರ ಎಳೆದಾಡುವ ಉಚ್ಚಾರ ಒಂದು ಬಗೆ. ಚೀನಾ, ಮೆಕ್ಸಿಕೋ, ಅರಬ್ ದೇಶಗಳು ಹಾಗೂ ನಮ್ಮ ದೇಶದಿಂದ ಹೋಗಿ ನೆಲೆಸಿದ ವೈದ್ಯರ ಉಚ್ಚಾರಗಳು ಬೇರೆ ಬೇರೆ ಬಗೆ. ಊಟ ಮಾಡುತ್ತಲೋ ಕಾರು ನಡೆಸುತ್ತಲೋ ಹೇಳಿಡುವವರೂ ಇದ್ದಾರೆ. ಇಂತಹ ಧ್ವನಿಯಲ್ಲಿ ‘15 ಮಿಲಿಗ್ರಾಂ’ ಮತ್ತು ‘50 ಮಿಲಿಗ್ರಾಂ’ ಎಂಬುವುಗಳ ಇಂಗ್ಲಿಷ್ ಉಚ್ಚಾರದ ಅಂತರ ಕೂದಲೆಳೆಯಷ್ಟು ಮಾತ್ರ.

ಕನ್ನಡಿಗರಿಗೆ ಇಲ್ಲಿ ಮತ್ತೊಂದು ವಿಶೇಷ ತೊಡಕಿದೆ. ನಮ್ಮ ಭಾಷೆಯಲ್ಲಿ ಕೇಳಿದಂತೆ ಬರೆಯುತ್ತೇವೆ, ಬರೆದಂತೆ ಓದುತ್ತೇವೆ. ವೈದ್ಯಕೀಯ ಇಂಗ್ಲಿಷ್ ಹಾಗಲ್ಲ. ನ್ಯುಮೋನಿಯಾ ಪದ ಆರಂಭವಾಗುವುದು ‘ಪಿ’ ಅಕ್ಷರದಿಂದ. ಸೋರಿಯಾಸಿಸ್ ಕೂಡ ಹಾಗೆಯೇ. ಉಸಿರಾಟದ ತೊಂದರೆಯನ್ನು ಸೂಚಿಸುವ ಡಿಸ್ನಿಯಾ ಪದದ ನಡುವೆ ಹಲವರ ಉಚ್ಚಾರದಲ್ಲಿ ಕೇಳಿಸದ ಒಂದು ‘ಪಿ’ ಅಡಗಿದೆ. ಕಿವಿಗೆ ಬಿದ್ದ ಧ್ವನಿಯನ್ನು ನಂಬಿ ನಿಘಂಟಿನಲ್ಲಿ ‘ಎಸ್’ ಅಥವಾ ‘ಎನ್’ ಅಕ್ಷರದಡಿ ಹುಡುಕುವವರಿಗೆ ಆ ಪದ ಎಂದೂ ಸಿಗುವುದಿಲ್ಲ. ಆದ್ದರಿಂದ ಪದವನ್ನು ಧ್ವನಿಯಿಂದಷ್ಟೇ ಅಲ್ಲದೆ ಅದರ ಮೂಲದಿಂದಲೂ ತಿಳಿದಿರಬೇಕಾಗುತ್ತದೆ.

ಎರಡನೆಯ ಅರ್ಹತೆ: ವೈದ್ಯಕೀಯ ಭಾಷೆ

ವೈದ್ಯಕೀಯ ಪದಗಳು ಬಹುಪಾಲು ಗ್ರೀಕ್ ಮತ್ತು ಲ್ಯಾಟಿನ್ ಧಾತುಗಳಿಂದ ಕಟ್ಟಿದ ಸಮಾಸಪದಗಳು. ಕನ್ನಡ ವ್ಯಾಕರಣದಲ್ಲಿ ಸಮಾಸ ಬಿಡಿಸಲು ಕಲಿತವರಿಗೆ ಈ ಕ್ರಮ ಅಪರಿಚಿತವಲ್ಲ. ‘ಐಟಿಸ್’ ಎಂದು ಮುಗಿದರೆ ಉರಿಯೂತ, ‘ಎಕ್ಟಮಿ’ ಎಂದು ಮುಗಿದರೆ ಅಂಗವನ್ನು ಕತ್ತರಿಸಿ ತೆಗೆಯುವುದು, ‘ಆಸ್ಟಮಿ’ ಎಂದು ಮುಗಿದರೆ ಹೊರದಾರಿಯೊಂದನ್ನು ತೆರೆಯುವುದು. ಆದ್ದರಿಂದ ಕೊಲೆಕ್ಟಮಿ ಎಂದರೆ ದೊಡ್ಡ ಕರುಳನ್ನು ಪೂರ್ತಿಯಾಗಿಯೋ ಭಾಗಶಃವೋ ತೆಗೆಯುವುದು. ಕೊಲಾಸ್ಟಮಿ ಎಂದರೆ ಅದಕ್ಕೆ ಹೊಟ್ಟೆಯ ಮೇಲೆ ದಾರಿ ಮಾಡುವುದು. ಹೈಪರ್‌ಟೆನ್ಷನ್ ಏರಿದ ರಕ್ತದೊತ್ತಡವಾದರೆ ಹೈಪೋಟೆನ್ಷನ್ ಇಳಿದ ರಕ್ತದೊತ್ತಡ. ಡಿಸ್ಫೇಜಿಯಾ ನುಂಗಲು ಆಗದಿರುವುದು, ಡಿಸ್ಫೇಸಿಯಾ ಮಾತು ತೊಡಕುವುದು. ಇಲಿಯಮ್ ಎಂಬ ಉಚ್ಚಾರಕ್ಕೆ ಎರಡು ಪದಗಳಿವೆ. ಒಂದು ಅಕ್ಷರದ ವ್ಯತ್ಯಾಸದಲ್ಲಿ ಒಂದು ಸಣ್ಣ ಕರುಳಿನ ಭಾಗ, ಇನ್ನೊಂದು ಸೊಂಟದ ಮೂಳೆ. ಯಾವುದು ಎಂಬುದನ್ನು ಕಿವಿ ಹೇಳಲಾರದು. ವಾಕ್ಯದ ಅರ್ಥ ಬಲ್ಲ ಬುದ್ಧಿಯೇ ಹೇಳಬೇಕು.

ಔಷಧಗಳ ಹೆಸರುಗಳದ್ದು ಬೇರೆಯೇ ಲೋಕ. ಕೀಲುನೋವಿಗೆ ಕೊಡುವ ಸೆಲೆಬ್ರೆಕ್ಸ್ ಮತ್ತು ಮನಸ್ಸಿನ ಖಿನ್ನತೆಗೆ ಕೊಡುವ ಸೆಲೆಕ್ಸಾ ಎಂಬ ಹೆಸರುಗಳು ಅದಲುಬದಲಾಗುವ ಅಪಾಯ ಅಮೆರಿಕದಲ್ಲಿಯೇ ಸುಪರಿಚಿತ. ಔಷಧಶಾಸ್ತ್ರ ಓದಿದವರಿಗೆ, ಔಷಧದಂಗಡಿಯಲ್ಲಿ ಕೆಲಸ ಮಾಡಿದವರಿಗೆ ಇಲ್ಲಿ ಸ್ವಾಭಾವಿಕ ಅನುಕೂಲವಿದೆ. ಶರೀರರಚನೆ, ಶರೀರಕ್ರಿಯೆ, ರೋಗಲಕ್ಷಣ, ಪ್ರಯೋಗಾಲಯ ಪರೀಕ್ಷೆಗಳ ಸಾಮಾನ್ಯ ಪ್ರಮಾಣ, ಶಸ್ತ್ರಚಿಕಿತ್ಸೆಯ ಉಪಕರಣಗಳು ಇವಿಷ್ಟರ ಪ್ರಾಥಮಿಕ ಜ್ಞಾನವೂ ಬೇಕು. ವಾಣಿಜ್ಯ ಅಥವಾ ಕಲಾ ಪದವೀಧರರು ಇದನ್ನು ಕಲಿಯಲಾರರೆಂದಲ್ಲ. ಅವರಿಗೆ ಹೆಚ್ಚು ತಿಂಗಳುಗಳು ಬೇಕಾಗುತ್ತವೆ.

ಉಳಿದ ಕೌಶಲಗಳು

ಮೂರನೆಯದು ಇಂಗ್ಲಿಷ್ ವ್ಯಾಕರಣ. ವೈದ್ಯರು ಅವಸರದಲ್ಲಿ ಅರ್ಧ ವಾಕ್ಯ ಆಡಿರುತ್ತಾರೆ. ಅರ್ಥ ಕೆಡದಂತೆ ಅದನ್ನು ಸರಿಪಡಿಸುವುದು, ಎಲ್ಲಿ ಕೈಯಾಡಿಸಬಾರದೆಂದು ತಿಳಿಯುವುದು ಎರಡೂ ಕೌಶಲವೇ. ಅಲ್ಪವಿರಾಮ ತಪ್ಪಿದರೂ ರೋಗದ ಚಿತ್ರ ಬದಲಾದೀತು.

ನಾಲ್ಕನೆಯದು ಅಮೆರಿಕದ ರೂಢಿಗಳ ತಿಳಿವಳಿಕೆ. ಅಲ್ಲಿ ದಿನಾಂಕದಲ್ಲಿ ತಿಂಗಳು ಮೊದಲು, ದಿನ ನಂತರ. 3/4 ಎಂದರೆ ನಮಗೆ ಏಪ್ರಿಲ್ 3, ಅವರಿಗೆ ಮಾರ್ಚ್ 4. ಲೆಕ್ಕದ ಪುಸ್ತಕದಲ್ಲಿ ಈ ತಪ್ಪಾದರೆ ತಾಳೆ ನೋಡುವಾಗ ಸಿಕ್ಕಿಬೀಳುತ್ತದೆ. ರೋಗಿಯ ದಾಖಲೆಯಲ್ಲಿ ತಾಳೆ ನೋಡುವ ಏರ್ಪಾಡು ಅಷ್ಟು ಸುಲಭವಿಲ್ಲ. ತೂಕ ಪೌಂಡಿನಲ್ಲಿ, ಜ್ವರ ಫ್ಯಾರನ್‌ಹೀಟ್‌ನಲ್ಲಿ ಇರುತ್ತವೆ.

ಐದನೆಯದು ಹುಡುಕುವ ಅಭ್ಯಾಸ. ಡಾರ್ಲ್ಯಾಂಡ್ಸ್, ಸ್ಟೆಡ್‌ಮನ್ಸ್ ಮುಂತಾದ ವೈದ್ಯಕೀಯ ನಿಘಂಟುಗಳು ಮತ್ತು ಔಷಧ ಕೈಪಿಡಿಗಳನ್ನು ಬಳಸಲು ಬರಬೇಕು. ಅಂತರ್ಜಾಲದಲ್ಲಿ ಕಂಡ ಮೊದಲ ಉತ್ತರವನ್ನೇ ನಂಬುವವರು ಈ ಕೆಲಸಕ್ಕೆ ಸಲ್ಲರು. ಆರನೆಯದು ಯಂತ್ರಜ್ಞಾನ: ಕಾಲಿನಿಂದ ಧ್ವನಿಯನ್ನು ನಿಲ್ಲಿಸುವ, ಹಿಂದಕ್ಕೆ ಸರಿಸುವ ಪೆಡಲ್, ಸಂಕ್ಷೇಪಾಕ್ಷರಗಳನ್ನು ಪೂರ್ಣ ಪದವಾಗಿಸುವ ತಂತ್ರಾಂಶ, ಕಂಪನಿಯ ಜಾಲಕ್ಕೆ ಸುರಕ್ಷಿತವಾಗಿ ಪ್ರವೇಶಿಸುವ ವಿಧಾನ.

ಅನುಭವ ಏಕೆ ಬೇಕು?

ಮನೆಯಿಂದ ಕೆಲಸ ಕೊಡುವ ಪ್ರಾಮಾಣಿಕ ಸಂಸ್ಥೆಗಳು ಸಾಮಾನ್ಯವಾಗಿ ಕನಿಷ್ಠ ಒಂದೆರಡು ವರ್ಷಗಳ ಕಚೇರಿ ಅನುಭವ ಕೇಳುತ್ತವೆ. ಇದು ಹೊಸಬರನ್ನು ದೂರವಿಡುವ ನೆಪವಲ್ಲ. ಬೈಲಹೊಂಗಲದ ಮಾರುಕಟ್ಟೆಯಲ್ಲಿ ಹತ್ತಿಯನ್ನು ಬೆರಳಲ್ಲಿ ಎಳೆದು ಎಳೆಯ ಉದ್ದವನ್ನು ಅಂದಾಜು ಮಾಡುವವರು ಆ ವಿದ್ಯೆಯನ್ನು ಪುಸ್ತಕದಿಂದ ಕಲಿಯುವುದಿಲ್ಲ. ವರ್ಷಗಟ್ಟಲೆ ಹಿರಿಯರ ಪಕ್ಕದಲ್ಲಿ ನಿಂತು ಕಲಿಯುತ್ತಾರೆ. ಟ್ರಾನ್ಸ್‌ಕ್ರಿಪ್ಷನ್ ಕಚೇರಿಯಲ್ಲಿ ಹೊಸಬರು ಬರೆದ ಪ್ರತಿಯೊಂದು ವರದಿಯನ್ನು ಗುಣಮಟ್ಟ ಪರೀಕ್ಷಕರು ಮತ್ತೆ ಧ್ವನಿ ಕೇಳಿ ತಿದ್ದುತ್ತಾರೆ, ತಪ್ಪನ್ನು ಮರಳಿ ತೋರಿಸುತ್ತಾರೆ. ಈ ತಿದ್ದುಪಡಿಯೇ ನಿಜವಾದ ತರಬೇತಿ. ಮನೆಯಲ್ಲಿ ಒಬ್ಬರೇ ಕುಳಿತವರಿಗೆ ಪಕ್ಕದ ಮೇಜಿನವರನ್ನು ‘ಇದೇನು ಹೇಳಿದರು, ಸ್ವಲ್ಪ ಕೇಳಿ’ ಎಂದು ಕರೆಯುವ ಅನುಕೂಲವಿಲ್ಲ.

ಅನುಭವ ಕಲಿಸುವ ಮುಖ್ಯ ಪಾಠ ಇನ್ನೊಂದಿದೆ: ತಿಳಿಯದ ಕಡೆ ಜಾಗ ಖಾಲಿ ಬಿಟ್ಟು ಗುರುತು ಹಾಕುವುದು. ಹೊಸಬರಿಗೆ ಖಾಲಿ ಜಾಗ ಬಿಡಲು ನಾಚಿಕೆ, ಊಹಿಸಿ ತುಂಬಿಬಿಡುತ್ತಾರೆ. ಅನುಭವಿ ತನ್ನ ಕಿವಿ ಎಲ್ಲಿ ಸೋಲುತ್ತದೆಂದು ಬಲ್ಲವ. ಅಮೆರಿಕದ ಅಲಬಾಮಾ ರಾಜ್ಯದಲ್ಲಿ 2008ರಲ್ಲಿ ನಡೆದ ಪ್ರಕರಣವನ್ನು ಈ ಕ್ಷೇತ್ರದವರು ಮರೆಯುವಂತಿಲ್ಲ. ಆಸ್ಪತ್ರೆಯಿಂದ ಬಿಡುಗಡೆಯಾದ ಮಧುಮೇಹದ ರೋಗಿಯೊಬ್ಬರಿಗೆ ವೈದ್ಯರು ಹೇಳಿದ್ದು 8 ಯೂನಿಟ್ ಇನ್ಸುಲಿನ್. ಭಾರತಕ್ಕೆ ಉಪಗುತ್ತಿಗೆಯಲ್ಲಿ ಬಂದ ಬರಹದಲ್ಲಿ ಅದು 80 ಯೂನಿಟ್ ಆಗಿತ್ತು. ಅಷ್ಟು ಇನ್ಸುಲಿನ್ ಪಡೆದ ರೋಗಿ ಬದುಕಲಿಲ್ಲ. 2012ರ ಡಿಸೆಂಬರ್‌ನಲ್ಲಿ ಅಲ್ಲಿನ ನ್ಯಾಯಾಲಯದ ಜ್ಯೂರಿ 14 ಕೋಟಿ ಡಾಲರ್ ಪರಿಹಾರ ವಿಧಿಸಿತು. ಹಣದ ಮೊತ್ತಕ್ಕಿಂತ ನೆನಪಿಡಬೇಕಾದದ್ದು ಒಂದೇ: ಒಂದು ಸೊನ್ನೆಗೆ ಒಂದು ಜೀವ ಹೋಯಿತು. ನೂರಕ್ಕೆ 98ಕ್ಕಿಂತ ಹೆಚ್ಚು ನಿಖರತೆ ಎಂಬುದು ಈ ಉದ್ಯಮದ ಸಾಮಾನ್ಯ ಬೇಡಿಕೆಯಾದರೂ, ಔಷಧದ ಪ್ರಮಾಣ ಅಥವಾ ಎಡಬಲದಂತಹ ಗಂಭೀರ ತಪ್ಪೊಂದಿದ್ದರೆ ಉಳಿದ 98 ಸರಿಯಿದ್ದೂ ಆ ವರದಿ ತಿರಸ್ಕೃತವೇ.

ಗೌಪ್ಯತೆ ಮತ್ತು ನಮ್ಮ ಮನೆಗಳು

ರೋಗಿಯ ಮಾಹಿತಿಯನ್ನು ಕಾಪಾಡಲು ಅಮೆರಿಕದಲ್ಲಿ 1996ರಲ್ಲಿ ‘ಹಿಪಾ’ ಎಂಬ ಕಾಯಿದೆ ಬಂದಿತು. ಅದರ ಖಾಸಗಿತನದ ನಿಯಮಗಳಿಗೆ ಬದ್ಧರಾಗುವುದು 2003ರಿಂದ ಕಡ್ಡಾಯವಾಯಿತು. ಗುತ್ತಿಗೆ ಪಡೆದ ಕಂಪನಿ ತನ್ನ ಕೆಲಸಗಾರರನ್ನೂ ಒಪ್ಪಂದದ ಮೂಲಕ ಅದಕ್ಕೆ ಕಟ್ಟಿಹಾಕುತ್ತದೆ. ನಮ್ಮ ದೇಶದಲ್ಲಿಯೂ ಮಾಹಿತಿ ತಂತ್ರಜ್ಞಾನ ಕಾಯಿದೆ, 2000ದ ಕಲಂ 72ಎ ಪ್ರಕಾರ ಒಪ್ಪಂದ ಮುರಿದು ದುರುದ್ದೇಶದಿಂದ ವೈಯಕ್ತಿಕ ಮಾಹಿತಿ ಹೊರಗೆಡಹುವವರಿಗೆ ದಂಡ ವಿಧಿಸಬಹುದು. ವೈಯಕ್ತಿಕ ಡಿಜಿಟಲ್ ದತ್ತಾಂಶ ಸಂರಕ್ಷಣೆಗೆ 2023ರಲ್ಲಿ ಪ್ರತ್ಯೇಕ ಕಾಯಿದೆಯೂ ಬಂದಿದೆ.

ಕೂಡುಕುಟುಂಬದ ಮನೆಯಲ್ಲಿ ಇದರ ಅರ್ಥವನ್ನು ಮೊದಲೇ ಯೋಚಿಸಬೇಕು. ಬಾಗಿಲು ಹಾಕಿಕೊಳ್ಳಬಹುದಾದ ಪ್ರತ್ಯೇಕ ಕೋಣೆ, ಮಕ್ಕಳು ಆಟಕ್ಕೆ ಬಳಸದ ಪ್ರತ್ಯೇಕ ಕಂಪ್ಯೂಟರ್, ಅಂಗಡಿಯ ಲೆಕ್ಕದ ಕೆಲಸಕ್ಕೂ ಬೆರೆಯದ ಪ್ರತ್ಯೇಕ ಪಾಸ್‌ವರ್ಡ್ ಇರಬೇಕು. ‘ಈ ದಿನ ಏನು ಬರೆದೆ?’ ಎಂದು ಊಟದ ಹೊತ್ತಿನಲ್ಲಿ ಮಾವನವರು ಕೇಳಿದರೂ ಹೇಳುವಂತಿಲ್ಲ.

2003ರ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವಿಶ್ವವಿದ್ಯಾಲಯ ಆಸ್ಪತ್ರೆಯ ಪ್ರಕರಣ ಇನ್ನೊಂದು ಪಾಠ ಕಲಿಸುತ್ತದೆ. ಆಸ್ಪತ್ರೆ ಒಂದು ಸಂಸ್ಥೆಗೆ ಕೊಟ್ಟ ಕೆಲಸ ಫ್ಲಾರಿಡಾ, ಟೆಕ್ಸಾಸ್‌ಗಳ ಮೂಲಕ ಕೈಯಿಂದ ಕೈಗೆ ಸಾಗಿ ಕೊನೆಗೆ ಪಾಕಿಸ್ತಾನದ ಕರಾಚಿಯ ಒಬ್ಬ ಮಹಿಳೆಯನ್ನು ತಲುಪಿತ್ತು. ತನಗೆ ಬರಬೇಕಾದ ಹಣ ಬಾರದಿದ್ದಾಗ ಆಕೆ ರೋಗಿಗಳ ದಾಖಲೆಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸುವುದಾಗಿ ಆಸ್ಪತ್ರೆಗೇ ಪತ್ರ ಬರೆದಳು. ನಂತರ ಬೆದರಿಕೆ ಹಿಂತೆಗೆದುಕೊಂಡಳು. ಬೆದರಿಕೆ ಖಂಡನೀಯವೇ. ಆದರೆ ವ್ಯಾಪಾರಿಯ ಕಣ್ಣಿಗೆ ಇಲ್ಲಿ ಕಾಣುವ ಇನ್ನೊಂದು ಸಂಗತಿ, ದಲ್ಲಾಳಿಗಳ ಸರಪಳಿ ಉದ್ದವಾದಷ್ಟೂ ಕೊನೆಯ ಕೈಗೆ ಬರುವ ದರ ಕಿರಿದಾಗುತ್ತದೆ, ಬಾಕಿ ವಸೂಲಾತಿ ಕಷ್ಟವಾಗುತ್ತದೆ ಎಂಬುದು.

ಖರ್ಚು ಮತ್ತು ಆದಾಯದ ಲೆಕ್ಕ

ಈ ಕೆಲಸದ ಕೂಲಿ ಸಾಲಿನ ಲೆಕ್ಕದಲ್ಲಿ. ಖಾಲಿ ಜಾಗವೂ ಸೇರಿದಂತೆ 65 ಅಕ್ಷರಸ್ಥಾನಗಳಿಗೆ ಒಂದು ಸಾಲು ಎಂಬುದು ರೂಢಿಯ ಅಳತೆ. ರಾಮದುರ್ಗದ ನೇಕಾರರು ಸೀರೆಯ ಲೆಕ್ಕದಲ್ಲಿ ಮಜೂರಿ ಪಡೆಯುವಂತೆಯೇ ಇದು ಕಾಯಂ ಸಂಬಳವಲ್ಲದ ಜಾಬ್ ವರ್ಕ್. ಆದ್ದರಿಂದ ಗಂಟೆಗೆ ಎಷ್ಟು ಸಾಲು ಎಂಬುದೇ ಆದಾಯದ ಕೀಲಿಕೈ. ಒಂದು ನಿಮಿಷದ ಧ್ವನಿಯನ್ನು ಬರೆಯಲು ಅನುಭವಿಗೆ ಮೂರು ನಾಲ್ಕು ನಿಮಿಷ ಸಾಕಾದರೆ ಹೊಸಬರಿಗೆ ಅದರ ಎರಡು ಮೂರು ಪಟ್ಟು ಹಿಡಿಯುತ್ತದೆ.

ಲೆಕ್ಕಕ್ಕಾಗಿ ಮಾತ್ರ ಒಂದು ಉದಾಹರಣೆ ಭಾವಿಸೋಣ. ದರಗಳು ಕಂಪನಿಯಿಂದ ಕಂಪನಿಗೆ ಬೇರೆ. ಸಾಲಿಗೆ 60 ಪೈಸೆ, ದಿನಕ್ಕೆ 8 ಗಂಟೆ, ತಿಂಗಳಿಗೆ 25 ದಿನ ಎಂದಿಟ್ಟುಕೊಳ್ಳೋಣ. ದಿನಕ್ಕೆ 400 ಸಾಲು ಬರೆಯುವ ಹೊಸಬರಿಗೆ ತಿಂಗಳಿಗೆ 6,000 ರೂಪಾಯಿ. 1,000 ಸಾಲು ಬರೆಯುವ ಅನುಭವಿಗೆ 15,000 ರೂಪಾಯಿ. ಕಂಪ್ಯೂಟರ್, ಬ್ಯಾಟರಿ ಸಹಿತ ಯುಪಿಎಸ್, ಹೆಡ್‌ಫೋನ್, ಪೆಡಲ್, ಮೇಜು ಕುರ್ಚಿಗಳಿಗೆ 60,000 ರೂಪಾಯಿ ಹೂಡಿ ನಾಲ್ಕು ವರ್ಷಗಳಲ್ಲಿ ಸವಕಳಿ ಹಾಕಿದರೆ ತಿಂಗಳಿಗೆ 1,250. ಅಂತರ್ಜಾಲಕ್ಕೆ 700, ವಿದ್ಯುತ್ತು ಮತ್ತು ದುರಸ್ತಿಗೆ 800. ಒಟ್ಟು ಖರ್ಚು 2,750. ಹೊಸಬರಿಗೆ ಉಳಿಯುವುದು 3,250, ಅಂದರೆ ಗಂಟೆಗೆ 16 ರೂಪಾಯಿ ಚಿಲ್ಲರೆ. ಅನುಭವಿಗೆ 12,250, ಅಂದರೆ ಗಂಟೆಗೆ 61 ರೂಪಾಯಿ. ಖರ್ಚು ಇಬ್ಬರಿಗೂ ಒಂದೇ, ದರವೂ ಒಂದೇ. ವ್ಯತ್ಯಾಸ ಪೂರ್ತಿಯಾಗಿ ಅನುಭವದ್ದು. ಇನ್ನು ತರಬೇತಿಗೆ 40,000 ರೂಪಾಯಿ ಕಟ್ಟಿ ನೇರವಾಗಿ ಮನೆಯಲ್ಲಿ ಆರಂಭಿಸಿದ ಹೊಸಬರಿಗೆ ಆ ಶುಲ್ಕ ಮರಳಿ ಬರಲು ಒಂದು ವರ್ಷ ಮೀರುತ್ತದೆ. ತಪ್ಪಿಗಾಗಿ ಕಡಿತವಾಗುವ ಸಾಲುಗಳನ್ನು ಇಲ್ಲಿ ಇನ್ನೂ ಕಳೆದಿಲ್ಲ.

ವೇಳೆಗೆ ವರದಿ ಮುಟ್ಟಿಸುವ ಕರಾರು ಇರುವುದರಿಂದ ವಿದ್ಯುತ್ ಕಡಿತಕ್ಕೂ ಅಂತರ್ಜಾಲದ ಅಡಚಣೆಗೂ ಮುನ್ನೇರ್ಪಾಡು ಬೇಕು. ಬ್ರಾಡ್‌ಬ್ಯಾಂಡ್ ಕೈಕೊಟ್ಟರೆ ಮೊಬೈಲ್ ಜಾಲವನ್ನು ಬದಲಿಯಾಗಿ ಸಿದ್ಧವಿಡುವುದು ಉಚಿತ. ತುರ್ತು ವರದಿಗಳಿಗೆ ಕೆಲವೇ ಗಂಟೆಗಳ ಗಡುವು ಇರುತ್ತದೆ; ಹಬ್ಬ, ಜಾತ್ರೆ, ಮನೆಯ ಕಾರ್ಯಗಳ ನೆಪ ಅಲ್ಲಿ ನಡೆಯದು.

ತೆರಿಗೆಯ ವಿಷಯ

ಹಳೆಯ ಕರಪತ್ರಗಳಲ್ಲಿ ‘ಆದಾಯ ತೆರಿಗೆ ವಿನಾಯಿತಿ ಇರುವ ಉದ್ಯಮ’ ಎಂಬ ಮಾತು ಕಂಡರೆ ನಂಬಬಾರದು. 10ಎ ಮತ್ತು 10ಬಿ ಕಲಮುಗಳ ರಫ್ತು ವಿನಾಯಿತಿ 2011ರ ಮಾರ್ಚ್ 31ಕ್ಕೆ ಮುಗಿದುಹೋಗಿದೆ. ಮನೆಯಿಂದ ಕೆಲಸ ಮಾಡುವವರು ಭಾರತದ ಕಂಪನಿಯಿಂದ ರೂಪಾಯಿಯಲ್ಲಿ ಹಣ ಪಡೆದರೆ ಅದು ರಫ್ತೂ ಅಲ್ಲ, ದೇಶದೊಳಗಿನ ಸೇವೆ. ವಾರ್ಷಿಕ ಒಟ್ಟು ವಹಿವಾಟು 20 ಲಕ್ಷ ರೂಪಾಯಿ ಮೀರದಿದ್ದರೆ ಕರ್ನಾಟಕದಲ್ಲಿ ಸೇವೆ ಒದಗಿಸುವವರಿಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಿಲ್ಲ. ಕಂಪನಿ ಹೊರ ರಾಜ್ಯದ್ದಾದರೂ 2017ರ ಅಕ್ಟೋಬರ್‌ನಿಂದ ಸೇವೆಗಳಿಗೆ ಈ ರಿಯಾಯಿತಿ ಇದೆ. ಹತ್ತಾರು ಜನರನ್ನಿಟ್ಟುಕೊಂಡು ವಿದೇಶಿ ಗ್ರಾಹಕರಿಂದ ನೇರವಾಗಿ ವಿದೇಶಿ ವಿನಿಮಯ ಪಡೆಯುವ ಘಟಕ ಸ್ಥಾಪಿಸುವ ಉದ್ದಿಮೆದಾರರಿಗೆ ಮಾತ್ರ ಸೇವಾ ರಫ್ತಿನ ಶೂನ್ಯ ದರ ಅನ್ವಯಿಸುತ್ತದೆ. ಅದಕ್ಕೆ ನೋಂದಣಿ, ಮುಚ್ಚಳಿಕೆ ಪತ್ರ ಹಾಗೂ ಬ್ಯಾಂಕಿನ ದಾಖಲೆ ಬೇಕು.

ಕಂಪನಿ ಪಾವತಿಯಲ್ಲಿ ಮೂಲದಲ್ಲೇ ತೆರಿಗೆ ಕಡಿತ ಮಾಡಿದ್ದರೆ, ಆದಾಯ ತೆರಿಗೆಯ ಮಿತಿಗಿಂತ ಕೆಳಗಿದ್ದರೂ ರಿಟರ್ನ್ ಸಲ್ಲಿಸಿ ಮರುಪಾವತಿ ಪಡೆಯಬಹುದು. ಪ್ಯಾನ್ ಸಂಖ್ಯೆ ಕೊಡದಿದ್ದರೆ ಕಡಿತದ ದರ ಹೆಚ್ಚುತ್ತದೆ. ಸೊಸೆಯ ದುಡಿಮೆಯ ಹಣ ಸೊಸೆಯ ಹೆಸರಿನ ಖಾತೆಗೇ ಜಮಾ ಆಗಬೇಕು. ಅಂಗಡಿಯ ಖಾತೆಗೆ ಜಮಾ ಮಾಡಿಸಿಕೊಂಡರೆ ಅದು ಅಂಗಡಿಯ ಜಮೆಯಾಗಿ ಕಂಡು ಎರಡೂ ಲೆಕ್ಕ ಕೆಡುತ್ತವೆ.

ಇಂದಿನ ಸ್ಥಿತಿ

ಇಪ್ಪತ್ತು ವರ್ಷಗಳ ಹಿಂದಿನ ಮಾರುಕಟ್ಟೆ ಇಂದು ಇಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. 2009ರ ಕಾಯಿದೆಯೊಂದರ ಪ್ರೋತ್ಸಾಹಧನದಿಂದ ಅಮೆರಿಕದ ಆಸ್ಪತ್ರೆಗಳು ವಿದ್ಯುನ್ಮಾನ ದಾಖಲೆಗೆ ತಿರುಗಿದವು. ವೈದ್ಯರೇ ಪರದೆಯ ಮೇಲೆ ಗುರುತು ಹಾಕತೊಡಗಿದರು. ಧ್ವನಿಯನ್ನು ತಾನೇ ಬರಹವಾಗಿಸುವ ತಂತ್ರಾಂಶ ಬೆಳೆಯಿತು. ದೊಡ್ಡ ಕಂಪನಿಗಳು ಒಂದನ್ನೊಂದು ನುಂಗಿದವು: ಹೆಲ್ತ್‌ಸ್ಕ್ರೈಬ್ ಅನ್ನು 2004ರಲ್ಲಿ ಕೊಂಡ ಸ್ಫೆರಿಸ್ ತಾನೇ 2010ರಲ್ಲಿ ದಿವಾಳಿಯಾಗಿ ಮಾರಾಟವಾಯಿತು. ಧ್ವನಿ ತಂತ್ರಾಂಶದ ನ್ಯುಯಾನ್ಸ್ ಕಂಪನಿಯನ್ನು ಮೈಕ್ರೋಸಾಫ್ಟ್ 2022ರಲ್ಲಿ ಕೊಂಡಿತು. ವೈದ್ಯ ಮತ್ತು ರೋಗಿಯ ಸಂಭಾಷಣೆಯನ್ನೇ ಆಲಿಸಿ ಟಿಪ್ಪಣಿಯ ಕರಡು ತಯಾರಿಸುವ ಕೃತಕ ಬುದ್ಧಿಮತ್ತೆಯ ಸಾಧನಗಳು 2023ರಿಂದೀಚೆಗೆ ವೇಗವಾಗಿ ಹರಡುತ್ತಿವೆ.

ಹಾಗಾದರೆ ಮನುಷ್ಯನಿಗೆ ಉಳಿದದ್ದೇನು? ಯಂತ್ರ ಬರೆದ ಕರಡನ್ನು ಧ್ವನಿಯೊಡನೆ ತಾಳೆ ನೋಡಿ ತಿದ್ದುವ ಸಂಪಾದನೆಯ ಕೆಲಸ. ಯಂತ್ರ ಕಾಗುಣಿತ ತಪ್ಪುವುದಿಲ್ಲ. ಅದರ ತಪ್ಪು ನಯವಾದ ವಾಕ್ಯದೊಳಗೆ ಅಡಗಿರುತ್ತದೆ. ವಿಸ್ಪರ್ ಎಂಬ ಪ್ರಸಿದ್ಧ ಧ್ವನಿ ತಂತ್ರಾಂಶ ಯಾರೂ ಆಡದ ವಾಕ್ಯಗಳನ್ನು ಕೆಲವೊಮ್ಮೆ ತಾನೇ ಸೇರಿಸುತ್ತದೆಂದು 2024ರಲ್ಲಿ ಸಂಶೋಧಕರು ತೋರಿಸಿದ್ದಾರೆ. ಇಂತಹ ತಪ್ಪು ಹಿಡಿಯಲು ಟೈಪಿಸ್ಟ್‌ಗಿಂತ ಹೆಚ್ಚು ಪಳಗಿದ ಕಣ್ಣು ಕಿವಿ ಬೇಕು. ಆದರೆ ಸಂಪಾದನೆಗೆ ಸಾಲಿನ ದರ ಟೈಪಿಂಗ್ ದರದ ಸುಮಾರು ಅರ್ಧ. ಮೇಲಿನ ಉದಾಹರಣೆಯಲ್ಲಿಯೇ ಸಾಲಿಗೆ 30 ಪೈಸೆ ಹಿಡಿದರೆ, ಅನುಭವಿ ದಿನಕ್ಕೆ 1,800 ಸಾಲು ತಿದ್ದಿದರೂ ತಿಂಗಳಿಗೆ 13,500 ರೂಪಾಯಿ, ಖರ್ಚು ಕಳೆದು 10,750. ಹೊಸಬರಿಗೆ ಈ ಕೆಲಸವೇ ಸಿಗುವುದಿಲ್ಲ. ಹೀಗೆ ಬರೀ ಟೈಪಿಂಗ್ ಕಲಿತು ಪ್ರವೇಶಿಸುವ ಬಾಗಿಲು ಮುಚ್ಚುತ್ತ ಬಂದಿದೆ. ಅನುಭವಸ್ಥರ ಬಾಗಿಲು ಕಿರಿದಾಗಿ ತೆರೆದಿದೆ.

ನೇಸರಗಿಯ ಪದವೀಧರರಿಗೆ ದಾರಿ

ಬೆಳಗಾವಿ–ಬಾಗಲಕೋಟೆ ರಸ್ತೆಯ ಮೇಲಿರುವ ನೇಸರಗಿಯ ಪದವೀಧರರಿಗೆ ಬೆಳಗಾವಿ ದೂರವಲ್ಲ. 1963ರಲ್ಲಿ ಆರಂಭವಾದ ಕೆ.ಎಲ್.ಇ. ಸಂಸ್ಥೆಯ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯ, ಸರ್ಕಾರದ ಬೆಳಗಾವಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಹಾಗೂ ಅನೇಕ ಖಾಸಗಿ ಆಸ್ಪತ್ರೆಗಳಿರುವ ನಗರ ಅದು. ಆಸ್ಪತ್ರೆ ಎಂದ ಮೇಲೆ ದಾಖಲೆ ವಿಭಾಗ, ಬಿಡುಗಡೆ ಸಾರಾಂಶ ಸಿದ್ಧಪಡಿಸುವವರು, ಸ್ಕ್ಯಾನಿಂಗ್ ವರದಿ ಬೆರಳಚ್ಚಿಸುವವರು ಇರಲೇಬೇಕು. ಸಂಬಳ ಕಡಿಮೆಯಿದ್ದರೂ ಅಂತಹ ಸ್ಥಳದಲ್ಲಿ ಒಂದೆರಡು ವರ್ಷ ಕಳೆದವರು ವೈದ್ಯರ ಕೈಕೆಳಗೆ ವೈದ್ಯಕೀಯ ಭಾಷೆ ಕಲಿಯುತ್ತಾರೆ. ಕಲಿಯುವಾಗಲೇ ಸಂಬಳ ಬರುತ್ತದೆ, ಶುಲ್ಕ ಹೋಗುವುದಿಲ್ಲ. ಆ ಅನುಭವ ಟ್ರಾನ್ಸ್‌ಕ್ರಿಪ್ಷನ್ ಸಂಪಾದನೆಗೆ ಮಾತ್ರವಲ್ಲ, ರೋಗ ಮತ್ತು ಚಿಕಿತ್ಸೆಗಳಿಗೆ ಸಂಕೇತ ಸಂಖ್ಯೆ ಕೊಡುವ ಮೆಡಿಕಲ್ ಕೋಡಿಂಗ್‌ಗೆ, ಆರೋಗ್ಯ ವಿಮೆಯ ಕ್ಲೇಮು ಪರಿಶೀಲನೆಗೆ, ದೂರದಿಂದಲೇ ವೈದ್ಯರಿಗೆ ಟಿಪ್ಪಣಿ ಬರೆದುಕೊಡುವ ಸ್ಕ್ರೈಬ್ ಕೆಲಸಕ್ಕೆ ಕೂಡ ಒದಗುತ್ತದೆ. ಒಂದು ಬಾಗಿಲು ಮುಚ್ಚಿದರೂ ಇನ್ನೊಂದಕ್ಕೆ ಹೋಗುವ ಬಂಡವಾಳ ಅದು.

ಹಣ ಕೊಡುವ ಮುನ್ನ

ಕುಟುಂಬದವರು ಒಪ್ಪಂದಕ್ಕೆ ಸಹಿ ಮಾಡುವ ಮೊದಲು ಕೆಳಗಿನ ಸಂಗತಿಗಳನ್ನು ಪರಿಶೀಲಿಸುವುದು ಹಿತಕರ.

1. ಕೆಲಸ ಕೊಡುವವರು ಅನುಭವ ಕೇಳುತ್ತಾರೆಯೋ, ಹಣ ಕೇಳುತ್ತಾರೆಯೋ? ನಿಜವಾಗಿ ಕೆಲಸವುಳ್ಳವರು ಪರೀಕ್ಷೆಯ ಧ್ವನಿ ಕಳಿಸಿ ಯೋಗ್ಯತೆ ನೋಡುತ್ತಾರೆ. ಯೋಗ್ಯತೆ ನೋಡದೆ ಠೇವಣಿ ಕೇಳುವವರ ಆದಾಯ ಆ ಠೇವಣಿಯೇ ಆಗಿರಬಹುದು.

2. ತರಬೇತಿ ಸಂಸ್ಥೆಯಲ್ಲಿ ನಿಜವಾದ ವೈದ್ಯರ ಧ್ವನಿಮುದ್ರಣಗಳ ಮೇಲೆ ಎಷ್ಟು ಗಂಟೆಗಳ ಅಭ್ಯಾಸವಿದೆ? ತಿದ್ದುವವರು ಯಾರು, ಅವರ ಅನುಭವವೆಷ್ಟು? ಹಿಂದಿನ ತಂಡದವರು ಈಗ ಎಲ್ಲಿ ದುಡಿಯುತ್ತಿದ್ದಾರೆಂದು ಅವರನ್ನೇ ಕಂಡು ಕೇಳಬೇಕು.

3. ‘ಕೆಲಸದ ಖಾತರಿ’ ಬಾಯಿಮಾತಿನಲ್ಲಿದೆಯೋ, ಕಾಗದದಲ್ಲಿದೆಯೋ? ಸಾಲಿನ ಅಳತೆ, ದರ, ತಪ್ಪಿಗೆ ಕಡಿತ, ಪಾವತಿಯ ದಿನ ಇವೆಲ್ಲ ಬರಹದಲ್ಲಿರಬೇಕು.

4. ಕೆಲಸ ನೇರ ಕಂಪನಿಯದೋ, ಎಷ್ಟನೆಯ ಕೈಯ ಉಪಗುತ್ತಿಗೆಯೋ? ಮೊದಲ ತಿಂಗಳ ಹಣ ಕೈಸೇರುವವರೆಗೆ ಎರಡನೆಯ ತಿಂಗಳ ಕೆಲಸವನ್ನು ಹಿಗ್ಗಿಸಬಾರದು.

5. ತಪ್ಪಿನಿಂದಾಗುವ ನಷ್ಟದ ಹೊಣೆ ಯಾರದೆಂದು ಒಪ್ಪಂದ ಹೇಳುತ್ತದೆ? ಮಿತಿಯಿಲ್ಲದ ಹೊಣೆಗೆ ಮನೆಯ ಸದಸ್ಯರು ಸಹಿ ಹಾಕಬಾರದು.

ಅಡತಿ ಅಂಗಡಿಯವರು ಹೊಸ ಖರೀದಿದಾರನಿಗೆ ಮಾಲು ಕೊಡುವ ಮುನ್ನ ಅವನ ಹಿಂದಿನ ವಹಿವಾಟು, ಬಾಕಿ ತೀರಿಸುವ ರೀತಿ, ಬೇಡಿಕೆಯ ಗಾತ್ರ ಇವನ್ನೆಲ್ಲ ವಿಚಾರಿಸುತ್ತಾರೆ. ಮನೆಯ ಮಗಳ ಅಥವಾ ಸೊಸೆಯ ವಿದ್ಯೆ ಮತ್ತು ಸಮಯವೂ ಅಂತಹುದೇ ಬೆಲೆಯುಳ್ಳ ಮಾಲು. ಅವರಿಗೆ ಕಂಪ್ಯೂಟರ್ ಕೊಡಿಸಲು ಮುಂದಾಗುವ ಕುಟುಂಬ ಅದಕ್ಕಿಂತ ಮೊದಲು ಎರಡು ವರ್ಷ ಬೆಳಗಾವಿಗೆ ಹೋಗಿಬರುವ ಬಸ್ಸಿನ ಪಾಸು ಮಾಡಿಸಿಕೊಟ್ಟರೆ, ಮುಂದೆ ಕಂಪ್ಯೂಟರಿಗೆ ಹಾಕುವ ಹಣ ಬೆಲೆ ಕಟ್ಟಿಸಿಕೊಳ್ಳುತ್ತದೆ.